ತಾರೆಗೆ ಬಾಲವಿತ್ತೇ?



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಉಪನ್ಯಾಸಕ್ಕೆ ‘ಕಥಾಲೋಕಗಳ ಚಿತ್ರಕೋಶಗಳು’ ಎಂದು ದೊಡ್ಡ ಹೆಸರು ಅಚ್ಚಾಗಿದೆ. ಹೆಸರು ಸಂಘದವರದು, ತಕರಾರಿಲ್ಲ. ಆದರೆ ನಾನು ಹೊತ್ತು ತಂದದ್ದು ಒಂದೇ ಒಂದು ಪ್ರಶ್ನೆ. ವಾಲಿಯ ಹೆಂಡತಿ ತಾರೆಗೆ ಬಾಲವಿತ್ತೇ? ನಗ್ರಿ, ಪರವಾಗಿಲ್ಲ. ಈ ಪ್ರಶ್ನೆಗೆ ಮೊದಲು ನಕ್ಕವರೇ ಆಮೇಲೆ ಬಹಳ ಹೊತ್ತು ಜಗಳ ಆಡಿದ್ದನ್ನು ನೋಡಿದ್ದೇನೆ.

ಚಿತ್ರಕೋಶ ಅಂದರೆ ಏನು ಎಂಬುದನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಒಂದು ದೊಡ್ಡ ಕಾಲ್ಪನಿಕ ಕಥೆ ಹುಟ್ಟುತ್ತದೆ. ಓದಿದವರಿಗೆ ಅಷ್ಟಕ್ಕೇ ತೃಪ್ತಿ ಆಗುವುದಿಲ್ಲ. ಆ ಊರು ಎಲ್ಲಿದೆ, ಆ ರಾಜನ ಮುತ್ತಜ್ಜ ಯಾರು, ಆ ಪ್ರಾಣಿಗೆ ಎಷ್ಟು ಕಾಲು ಎಂದು ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ನಕ್ಷೆ, ವಂಶಾವಳಿ, ಚಿತ್ರ ಎಲ್ಲ ಸೇರಿಸಿ ಇನ್ನೊಂದು ಪುಸ್ತಕ ಬರುತ್ತದೆ. ಇಂಗ್ಲಿಷಿನಲ್ಲಿ ಟಾಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಬಂತು. 1979ರಲ್ಲಿ ಡೇವಿಡ್ ಡೇ ಅದರ ಜೀವಜಂತುಗಳ ಸಚಿತ್ರ ಕೋಶ ಮಾಡಿದ. 1981ರಲ್ಲಿ ಕ್ಯಾರೆನ್ ವಿನ್ ಫಾನ್‌ಸ್ಟಾಡ್ ಎಂಬ ನಕಾಶೆ ಬಲ್ಲ ಹೆಣ್ಣುಮಗಳು ಆ ಇಲ್ಲದ ದೇಶಕ್ಕೆ ಭೂಪಟಗಳ ಒಂದು ಪುಸ್ತಕವನ್ನೇ ಬರೆದಳು. ನಮ್ಮ ಸರ್ವೇ ಇಲಾಖೆಯವರು ನಾಚಬೇಕು.

ಈ ಪುಸ್ತಕಗಳ ಸಂಕಟ ಒಂದೇ ಕಡೆ ಇದೆ. ಕವಿ ಹೇಳದೆ ಬಿಡಬಹುದು, ಚಿತ್ರಗಾರನಿಗೆ ಆ ಸವಲತ್ತಿಲ್ಲ. ‘ತಾರೆ ಬಂದಳು’ ಎಂದು ಬರೆದು ಕವಿ ಮುಂದೆ ಹೋಗುತ್ತಾನೆ. ಚಿತ್ರಗಾರ ಕುಂಚ ಹಿಡಿದ ಕೂಡಲೇ ಅವಳ ಮುಖ ಯಾವುದು, ಕಿವಿ ಯಾವುದು, ಹಿಂದೆ ಬಾಲ ಉಂಟೋ ಇಲ್ಲವೋ ಎಲ್ಲ ತೀರ್ಮಾನ ಆಗಲೇಬೇಕು. ಬೆನ್ನು ಕಾಣದಂತೆ ನಿಲ್ಲಿಸಿದರೆ ಅದೂ ಒಂದು ತೀರ್ಮಾನವೇ.

ವಾಲ್ಮೀಕಿಯಲ್ಲಿ ತಾರೆ ಸಣ್ಣ ಪಾತ್ರ ಅಲ್ಲ. ವೈದ್ಯ ಸುಷೇಣನ ಮಗಳು. ಸುಗ್ರೀವ ಎರಡನೆಯ ಸಲ ಬಂದು ಕೂಗಿದಾಗ, ಸೋತು ಹೋದವನು ಇಷ್ಟು ಬೇಗ ತಿರುಗಿ ಬಂದಿದ್ದಾನೆಂದರೆ ಬೆನ್ನಿಗೆ ಯಾರೋ ಇದ್ದಾರೆ, ಹೋಗಬೇಡ ಎಂದು ವಾಲಿಗೆ ಬುದ್ಧಿ ಹೇಳಿದವಳು ಅವಳೇ. ಆಮೇಲೆ ಲಕ್ಷ್ಮಣ ಬಿಲ್ಲು ಹಿಡಿದು ಕೆಂಡವಾಗಿ ಕಿಷ್ಕಿಂಧೆಗೆ ನುಗ್ಗಿದಾಗ ಸುಗ್ರೀವ ಒಳಗೇ ಉಳಿದು ಹೊರಗೆ ಕಳಿಸಿದ್ದೂ ಅವಳನ್ನೇ. ಹೆಣ್ಣುಮಗಳನ್ನು ನೋಡಿ ಲಕ್ಷ್ಮಣ ತಲೆ ತಗ್ಗಿಸುತ್ತಾನೆ, ಸಿಟ್ಟು ಅರ್ಧ ಇಳಿಯುತ್ತದೆ. ಇಡೀ ಕಿಷ್ಕಿಂಧಾ ಕಾಂಡದಲ್ಲಿ ರಾಜಕಾರಣ ಬಲ್ಲವಳು ಇವಳೊಬ್ಬಳೇ ಎಂಬುದು ನನ್ನ ಅಭಿಪ್ರಾಯ. ಅವಳ ಮುಖವನ್ನು ಚಂದ್ರನಿಗೆ ಹೋಲಿಸಿದ್ದಾನೆ ಕವಿ, ಒಡವೆಯ ಮಾತಾಡಿದ್ದಾನೆ, ತಡವರಿಸುವ ನಡಿಗೆಯ ಮಾತಾಡಿದ್ದಾನೆ. ನಾನು ಓದಿದ ಮಟ್ಟಿಗೆ ಬಾಲದ ಸುದ್ದಿ ಎಲ್ಲೂ ಎತ್ತಿಲ್ಲ. ಅದೇ ಹನುಮಂತನ ಬಾಲಕ್ಕೆ ಲಂಕೆ ಸುಡುವಷ್ಟು ಉದ್ದದ ಕಥೆ ಇದೆ. ವಾನರರಿಗೆ ಬಾಲವೇ ಬಲು ಪ್ರೀತಿಯ ಒಡವೆ ಎಂದು ರಾವಣನ ಬಾಯಲ್ಲೇ ಹೇಳಿಸಿದ್ದಾನೆ.

1987ರ ಜನವರಿಯಿಂದ ಮುಂದೆ ರವಿವಾರ ಬೆಳಿಗ್ಗೆ ರಮಾನಂದ ಸಾಗರರ ರಾಮಾಯಣ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಟಿವಿ ಇದ್ದ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅದರಲ್ಲಿ ವಾಲಿ, ಸುಗ್ರೀವ, ಅಂಗದ ಎಲ್ಲರಿಗೂ ಮಂಗನ ಮೂತಿ, ಹಿಂದೆ ಬಾಲ. ತಾರೆಗೆ? ಏನೂ ಇಲ್ಲ. ಚಂದದ ಸೀರೆ ಉಟ್ಟ ಮನುಷ್ಯ ಹೆಣ್ಣುಮಗಳು. ನಮ್ಮೂರ ದೊಡ್ಡಾಟದಲ್ಲೂ ಅಷ್ಟೇ. ವಾಲಿಯಾಗುವವನು ಬಟ್ಟೆ ಸುತ್ತಿ ಬಾಲ ಕಟ್ಟಿಕೊಳ್ಳುತ್ತಿದ್ದ, ತಾರೆಯಾಗುವವನು ಜಡೆ ಕಟ್ಟಿಕೊಳ್ಳುತ್ತಿದ್ದ. ಗಂಡ ಮಂಗ, ಹೆಂಡತಿ ಮನುಷ್ಯಳು, ಮಗ ಮತ್ತೆ ಮಂಗ. ಇದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಪಂಚಕನ್ಯೆಯರಲ್ಲಿ ಒಬ್ಬಳೆಂದು ಬೆಳಿಗ್ಗೆ ಎದ್ದು ನೆನೆಯುವ ಹೆಸರು. ಅವಳಿಗೆ ಬಾಲ ಇಡಲು ಯಾರಿಗೂ ಕೈ ಬರಲಿಲ್ಲ ಎನ್ನೋಣವೇ? ಅಷ್ಟು ಸುಲಭ ಅಲ್ಲ. ಹನುಮಂತನನ್ನೂ ನಾವು ಬೆಳಿಗ್ಗೆ ಎದ್ದು ನೆನೆಯುತ್ತೇವೆ, ಬಾಲಕ್ಕೇ ಸಿಂಧೂರ ಹಚ್ಚುತ್ತೇವೆ.

ಇದು ನಮ್ಮ ದೇಶದ ರೋಗ ಮಾತ್ರ ಎಂದುಕೊಂಡಿದ್ದೆ. ಅಲ್ಲ. ಟಾಲ್ಕಿನ್ನನ ಕಥೆಯಲ್ಲಿ ಗುಡ್ಡ ಕೊರೆದು ಬದುಕುವ ಗಿಡ್ಡರ ಕುಲ ಒಂದಿದೆ. ಅವರ ಹೆಣ್ಣುಮಕ್ಕಳು ದನಿಯಲ್ಲೂ ರೂಪದಲ್ಲೂ ಗಂಡಸರಂತೆಯೇ, ಹೊರಗಿನವರಿಗೆ ಗುರುತೇ ಹತ್ತುವುದಿಲ್ಲ ಎಂದು ಆತ ಪುಸ್ತಕದ ಅನುಬಂಧದಲ್ಲಿ ಬರೆದ. ಗಂಡಸರಿಗೆಲ್ಲ ಎದೆಯುದ್ದ ಗಡ್ಡ. ಹಾಗಾದರೆ ಹೆಂಗಸರಿಗೆ? 2022ರಲ್ಲಿ ‘ದಿ ರಿಂಗ್ಸ್ ಆಫ್ ಪವರ್’ ಎಂಬ ಧಾರಾವಾಹಿ ಬಂದಾಗ ಆ ಕುಲದ ಯುವರಾಣಿ ಡೀಸಾಳನ್ನು ಗಡ್ಡವಿಲ್ಲದೆ ತೋರಿಸಿದರು. ಓದುಗರು ರೊಚ್ಚಿಗೆದ್ದರು. ಜಗತ್ತಿನ ಆ ತುದಿಯಲ್ಲೂ ಅದೇ ಕೈಚಳಕ ನೋಡ್ರಿ. ಕುಲದ ಗುರುತನ್ನೆಲ್ಲ ಗಂಡಿಗೆ ಕೊಟ್ಟು, ಹೆಣ್ಣಿಗೆ ಬರೀ ಚೆಲುವಿಕೆ ಕೊಡುವುದು.

ಇಲ್ಲಿ ನಮ್ಮ ಕನ್ನಡ ಮಾಸ್ತರರನ್ನು ನೆನೆಯದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಧೋತರದ ಚುಂಗು ಒಂದು ಕೈಯಲ್ಲಿ, ಬೆನಗಲ್ ರಾಮರಾವ್ ಮತ್ತು ಪಾನ್ಯಂ ಸುಂದರಶಾಸ್ತ್ರಿಗಳ ‘ಪುರಾಣನಾಮಚೂಡಾಮಣಿ’ ಇನ್ನೊಂದು ಕೈಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ತಂದ ಆ ದಪ್ಪ ಪುಸ್ತಕದ ಬೆನ್ನು ಹರಿದು, ಗೋಂದು ಹಚ್ಚಿ ಹಚ್ಚಿ ಕಟ್ಟಿಗೆಯಂತಾಗಿತ್ತು. ಯಾವ ಹೆಸರು ಕೇಳಿದರೂ ಅದರಲ್ಲಿ ತೆಗೆದು ಅಪ್ಪ ಯಾರು, ಮಗ ಯಾರು, ಯಾರ ಶಾಪ ಎಂದು ಹೇಳುತ್ತಿದ್ದರು. ಚಿತ್ರ ಮಾತ್ರ ಇಲ್ಲ. ಒಂದಿನ ನಾನು ಕೇಳಿಯೇ ಬಿಟ್ಟೆ. ‘ಸರ, ತಾರಾಗ ಬಾಲ ಇತ್ತೇನ್ರಿ?’ ಕ್ಲಾಸು ಗೊಳ್ಳೆಂದಿತು. ಮಾಸ್ತರರು ನಗಲಿಲ್ಲ. ‘ಯಾವ ರಾಮಾಯಣದಾಗಲೇ?’ ಎಂದು ತಿರುಗಿ ಕೇಳಿದರು. ರಾಮಾಯಣ ಒಂದಕ್ಕಿಂತ ಹೆಚ್ಚು ಇವೆ ಎಂಬುದು ನನ್ನ ತಲೆಗೆ ಹೊಕ್ಕದ್ದು ಅವತ್ತು.

ಆಮೇಲೆ ಅವರು ನಾಗಚಂದ್ರನ ಕಡೆ ತಿರುಗಿಸಿದರು. ಪಂಪರಾಮಾಯಣ ಎಂದು ನಾವು ಕರೆಯುವ ‘ರಾಮಚಂದ್ರಚರಿತಪುರಾಣ’, ಜೈನರ ದಾರಿ. ಅದರಲ್ಲಿ ವಾನರರು ಮಂಗಗಳೇ ಅಲ್ಲ, ವಿದ್ಯಾಧರರು. ಬಾವುಟದ ಮೇಲೆ ಕಪಿಯ ಚಿತ್ರ ಇತ್ತು, ಅದಕ್ಕೇ ಆ ಹೆಸರು, ಅಷ್ಟೆ. ಬಾಲ ಯಾರಿಗೂ ಇಲ್ಲ, ಹನುಮಂತನಿಗೂ ಇಲ್ಲ. ವಾಲಿ ರಾಜ್ಯ ಬಿಟ್ಟು ತಪಸ್ಸಿಗೆ ಹೋಗುತ್ತಾನೆ, ರಾಮನ ಬಾಣಕ್ಕೆ ಸಾಯುವುದಿಲ್ಲ. ತಾರೆ ಅಲ್ಲಿ ಸುಗ್ರೀವನ ಹೆಂಡತಿ. ಅವಳ ಆಸೆಗೆ ಬಿದ್ದ ಸಾಹಸಗತಿ ಎಂಬವನು ಸುಗ್ರೀವನ ರೂಪವನ್ನೇ ಧರಿಸಿ ಅರಮನೆ ಹೊಗುತ್ತಾನೆ. ಯಾರು ನಿಜ, ಯಾರು ಸುಳ್ಳು ಎಂಬುದೇ ಜಗಳ. ಇಡೀ ಕಿಷ್ಕಿಂಧೆಯ ಕಥೆ ತಾರೆಯ ಸುತ್ತ ತಿರುಗುತ್ತದೆ.

ಈಗ ನಮ್ಮ ಜಿಲ್ಲೆಯ ನಕ್ಷೆ ಹಾಸಿಕೊಳ್ಳಿ. ಕೊಪ್ಪಳ ಅಂದರೆ ಕೊಪಣ. ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆ ಹೇಳುವಾಗ ಎಣಿಸಿದ ನಾಲ್ಕು ಊರಲ್ಲಿ ಒಂದು, ಜೈನರ ಮಹಾತೀರ್ಥ. ಗಂಗಾವತಿ ಕಡೆಗೆ ಹೋದರೆ ಆನೆಗೊಂದಿ, ಅಂಜನಾದ್ರಿ, ಪಂಪಾ ಸರೋವರ, ಶಬರಿಯ ಗುಹೆ. ಒಂದೇ ಜಿಲ್ಲೆಯೊಳಗೆ ಎರಡು ಕಿಷ್ಕಿಂಧೆ. ಒಂದರಲ್ಲಿ ಬಾಲ ಉಂಟು, ಇನ್ನೊಂದರಲ್ಲಿ ಯಾರಿಗೂ ಇಲ್ಲ. ವಿಜಯಪುರದ ಕಡೆಯೂ ಇದೇ ತಮಾಷೆ. ನಾಗಚಂದ್ರ ಅಲ್ಲಿ ಮಲ್ಲಿನಾಥ ಬಸದಿ ಕಟ್ಟಿಸಿದವನು, ಅದೇ ಸೀಮೆಯ ತೊರವೆಯಲ್ಲಿ ಕುಮಾರ ವಾಲ್ಮೀಕಿ ನರಹರಿಯನ್ನು ನೆನೆದು ಬಾಲವುಳ್ಳ ರಾಮಾಯಣ ಬರೆದ. ಹನುಮಂತ ಹುಟ್ಟಿದ್ದು ನಮ್ಮ ಅಂಜನಾದ್ರಿಯಲ್ಲೋ ತಿರುಮಲೆಯಲ್ಲೋ ಎಂದು 2021ರಲ್ಲಿ ಎದ್ದ ಗದ್ದಲ ನಿಮಗೆಲ್ಲ ಗೊತ್ತು. ಅದು ನನ್ನ ಜಗಳ ಅಲ್ಲ. ಹುಟ್ಟಿದ್ದು ಎಲ್ಲೇ ಆಗಲಿ, ಹುಟ್ಟಿದಾಗ ಬಾಲವಿತ್ತೋ ಇಲ್ಲವೋ ಎಂದು ಕೊಪಣದ ಜೈನ ಕೇಳಿದರೆ ಎರಡೂ ಬೆಟ್ಟದವರು ಏನು ಹೇಳುತ್ತಾರೆ?

ಮತ್ತೆ ಚಿತ್ರಕೋಶಕ್ಕೆ ಮರಳಿ, ಮೈಸೂರಿನ ಮಾತಿಗೆ ಬರೋಣ. ಇಂಗ್ಲಿಷಿನವರು ಈ ಬಗೆಯ ಪುಸ್ತಕ ತಾವೇ ಕಂಡುಹಿಡಿದಂತೆ ಮಾತಾಡುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ ಮಾಡಿಸಿದ್ದು ಅವರಿಗಿಂತ ನೂರು ವರ್ಷಕ್ಕೂ ಮೊದಲು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು, 1868ರಲ್ಲಿ ಅರಸರು ತೀರಿಕೊಂಡರು. ಗಂಜೀಫಾ ಎಲೆ, ಚದುರಂಗದ ಕುದುರೆ ನಡಿಗೆಯ ಲೆಕ್ಕ ಎಂದು ಮುಳುಗಿದ್ದ ಆ ಅರಸರು ಕಟ್ಟಿದ ಇನ್ನೊಂದು ರಾಜ್ಯ ಇದು. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ, ಬ್ರಹ್ಮನಿಧಿ, ಗ್ರಹನಿಧಿ ಎಂದು ಒಟ್ಟು ಒಂಬತ್ತು ನಿಧಿಗಳು. ಯಾವ ದೇವತೆಗೆ ಎಷ್ಟು ಕೈ, ಯಾವ ಬಣ್ಣ, ಯಾವ ಆಯುಧ ಎಂದು ಶ್ಲೋಕ, ಜೊತೆಗೆ ಚಿತ್ರ. ಕೊನೆಯ ಕೌತುಕನಿಧಿಯಲ್ಲಿ 122 ಯೋಗಾಸನಗಳ ಚಿತ್ರವೂ ಇದೆ. 1996ರಲ್ಲಿ ಶೋಮನ್ ಎಂಬ ವಿದ್ವಾಂಸ ಅದನ್ನು ಅಚ್ಚು ಹಾಕಿದ ಮೇಲೆ ಹೊರದೇಶದವರು ಕಣ್ಣು ಬಿಟ್ಟರು.

ಆದರೆ ಶ್ರೀತತ್ತ್ವನಿಧಿ ಇರುವುದು ಪೂಜೆಗೆ, ಶಿಲ್ಪಿಗೆ. ಧ್ಯಾನಶ್ಲೋಕ ಇದ್ದವರಿಗೆ ಅಲ್ಲಿ ಮಣೆ. ಕಥೆಯಲ್ಲಷ್ಟೇ ಬದುಕಿದ ತಾರೆಯಂಥವರಿಗೆ ಅಂಥ ಪುಸ್ತಕದಲ್ಲಿ ಜಾಗ ಸಿಗುವುದು ಕಷ್ಟ. ಇನ್ನೊಂದು ವಿಚಿತ್ರ ಕೇಳ್ರಿ. ಮುಂಬಯಿಯ ಶ್ರೀವೆಂಕಟೇಶ್ವರ ಪ್ರೆಸ್ಸಿನವರು ಈ ಗ್ರಂಥವನ್ನು ದೇವನಾಗರಿಯಲ್ಲಿ ಅಚ್ಚು ಹಾಕಿದಾಗ ಬರೀ ಶ್ಲೋಕ ಹಾಕಿದರು, ಚಿತ್ರ ಕೈಬಿಟ್ಟರು. ಚಿತ್ರಕೋಶದಿಂದ ಚಿತ್ರವೇ ಮಾಯ! ಮೊದಲು ಇದನ್ನು ಕೇಳಿದಾಗ ಸಿಟ್ಟು ಬಂತು. ಈಗೀಗ ಆ ಕುರುಡು ಪ್ರತಿಯ ಮೇಲೇ ನನಗೆ ಪ್ರೀತಿ ಹೆಚ್ಚುತ್ತಿದೆ. ಓದುವವನು ತನ್ನ ಚಿತ್ರ ತಾನೇ ಬರೆದುಕೊಳ್ಳಲಿ ಅಂತ ಬಿಟ್ಟಹಾಗಿದೆ. ಟಾಲ್ಕಿನ್ ಕೂಡ ತನ್ನ ಪುಸ್ತಕಕ್ಕೆ ತಾನೇ ಚಿತ್ರ ಬರೆದವನು, ಆದರೂ ಇಂಥ ಕಥೆಗೆ ಚಿತ್ರದಿಂದ ಹೆಚ್ಚೇನೂ ಲಾಭವಿಲ್ಲ ಎಂದು ಪ್ರಬಂಧ ಬರೆದ. ಎರಡು ಮನಸ್ಸಿನ ಮನುಷ್ಯ. ನನಗೆ ಹತ್ತಿರದವನು.

ಚಿತ್ರ ಬೇಡ ಎಂದು ಈ ಜಿಲ್ಲೆಯಲ್ಲಿ ನಿಂತು ಹೇಳುವ ಧೈರ್ಯ ಮಾತ್ರ ನನಗಿಲ್ಲ. ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುವ ನಾಡು ಇದು. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅಕ್ಷರ ಬಾರದ ಎಷ್ಟೋ ಊರುಗಳಿಗೆ ರಾಮಾಯಣ ಮುಟ್ಟಿದ್ದು ಅವರಂಥವರ ತೊಗಲುಗೊಂಬೆಯಿಂದ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಆ ತೊಗಲು ಹಾಳೆಗಳೇ ನಮ್ಮ ಕಡೆಯ ಚಿತ್ರಕೋಶ. ವ್ಯತ್ಯಾಸ ಒಂದಿದೆ. ಗೊಂಬೆ ಪರದೆಯ ಹಿಂದೆ ಅಲುಗಾಡುತ್ತದೆ, ದೀಪ ಆಡಿದಂತೆ ಮೂಗು ಬೆಳೆಯುತ್ತದೆ, ಬಾಲ ಎಲ್ಲಿ ಮುಗಿಯಿತು, ಸೀರೆಯ ಸೆರಗು ಎಲ್ಲಿ ಶುರುವಾಯಿತು ಎಂದು ಹಿಂದೆ ಕೂತವನಿಗೆ ತಿಳಿಯುವುದಿಲ್ಲ. ಪುಸ್ತಕದ ಚಿತ್ರ ಹಾಗಲ್ಲ, ಒಮ್ಮೆ ಅಚ್ಚಾದರೆ ಮುಗಿಯಿತು. ಅನಂತ ಪೈಗಳ ಅಮರ ಚಿತ್ರ ಕಥೆ ಓದಿ ಬೆಳೆದವರ ಕಣ್ಣಿನಿಂದ ಆ ನೀಲಿ ರಾಮನನ್ನು ಅಳಿಸಿ ನೋಡೋಣ.

ಕಿನ್ನಾಳದಲ್ಲಿ ಒಬ್ಬ ಹಿರಿಯ ಚಿತ್ರಗಾರರ ಹತ್ತಿರ ಕೂತಿದ್ದೆ. ಹಗುರ ಮರದ ಗೊಂಬೆಗೆ ಹುಣಸೆ ಬೀಜದ ಅಂಟು ಹಾಕಿದ ಕಿಟ್ಟ ಮೆತ್ತುತ್ತಿದ್ದರು. ವಾಲಿ, ಸುಗ್ರೀವ, ತಾರೆ ಮೂವರನ್ನೂ ಒಂದೇ ಪೀಠದ ಮೇಲೆ ಮಾಡಿಕೊಡಿ ಎಂದೆ. ‘ಮಾಡೋಣಂತ್ರಿ’ ಅಂದರು. ತಾರೆಗೂ ಬಾಲ ಇರಲಿ ಎಂದೆ. ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ‘ಮಾಡ್ತೀನ್ರಿ ಸರ, ನೀವು ಹೆಂಗ ಅಂತೀರಿ ಹಂಗ. ಆದ್ರ ನೀವು ಬ್ಯಾಡ ಅಂದ್ರ ಅದನ್ನ ಯಾರೂ ತೊಗೊಳಂಗಿಲ್ಲ ನೋಡ್ರಿ. ನನ್ನ ಮನ್ಯಾಗ ಇಟ್ಕೊಂಡ್ರ ಮನ್ಯಾಕಿ ಬೈತಾಳ.’ ಈ ಮಾತಿಗೆ ಉತ್ತರ ನನ್ನಲ್ಲಿರಲಿಲ್ಲ.

ಮಕ್ಕಳಿಗಾಗಿ ಕಿಷ್ಕಿಂಧೆಯ ಒಂದು ಚಿತ್ರಕೋಶ ಮಾಡಬೇಕೆಂಬ ಆಸೆ ಬಹಳ ದಿನದ್ದು. ಆನೆಗೊಂದಿಯ ಬೆಟ್ಟ, ಗುಹೆ, ವಾಲಿಯ ವಂಶ, ವಾನರರ ಊಟ, ಉಡಿಗೆ ಎಲ್ಲ ಸೇರಿಸಿ. ಕಾದಂಬರಿಕಾರ ಜಾರ್ಜ್ ಮಾರ್ಟಿನ್ 2014ರಲ್ಲಿ ತನ್ನ ಕಥಾಲೋಕದ ದೊಡ್ಡ ಸಚಿತ್ರ ಇತಿಹಾಸ ತಂದಾಗ ಒಂದು ಉಪಾಯ ಮಾಡಿದ. ಪುಸ್ತಕ ಬರೆದವನು ತಾನಲ್ಲ, ಕಥೆಯೊಳಗಿನ ಒಬ್ಬ ಪಂಡಿತ ತನ್ನ ಅರಸನಿಗೆ ಒಪ್ಪಿಸಿದ್ದು ಎಂದು ಬರೆದ. ತಪ್ಪಿದ್ದರೆ ಆ ಪಂಡಿತನ ತಪ್ಪು, ಅರಸನ ಮುಲಾಜಿಗೆ ಬರೆದ ಸುಳ್ಳಿದ್ದರೂ ಅವನದೇ. ನಾನೂ ಹಾಗೆ ಮಾಡಲೇ? ಎಡಪುಟ ಆನೆಗೊಂದಿಯ ಪೂಜಾರಿ ಬರೆದದ್ದು, ಬಲಪುಟ ಕೊಪಣದ ಜೈನ ಮುನಿ ಬರೆದದ್ದು ಎಂದು ಎದುರುಬದುರು ಹಾಕಲೇ? ಹಾಕಿದರೂ ಎಡಪುಟದ ತಾರೆಯನ್ನು ಯಾರಾದರೂ ಬರೆಯಲೇಬೇಕಲ್ಲ?

ಅವಳಿಗೆ ಬಾಲ ಇಟ್ಟರೆ, ಪಂಚಕನ್ಯೆಗೆ ಅವಮಾನ ಮಾಡಿದೆ ಎಂದು ನೀವು ನನ್ನ ಮನೆ ಮುಂದೆ ಬರುತ್ತೀರೋ? ಇಡದಿದ್ದರೆ, ವಾಲಿಯ ಹೆಂಡತಿಯನ್ನು ಅವಳ ಕುಲದಿಂದಲೇ ಹೊರಗೆ ಹಾಕಿದ ಹಾಗಾಗುವುದಿಲ್ಲವೋ? ವಾಲಿ ಸತ್ತಾಗ ಅವಳು ಅತ್ತದ್ದು ವಾನರಿಯಾಗಿಯೋ, ಬರೀ ಹೆಂಗಸಾಗಿಯೋ? ನಾಗಚಂದ್ರನ ದಾರಿ ಹಿಡಿದು ಎಲ್ಲರ ಬಾಲವನ್ನೂ ತೆಗೆದುಬಿಟ್ಟರೆ ಜಗಳ ಹರಿಯುತ್ತದೆ ನಿಜ, ಆದರೆ ಇಲ್ಲಿ ಕೂತಿರುವ, ನಾಳೆ ಅಂಜನಾದ್ರಿ ಹತ್ತುವ ಹುಡುಗರಿಗೆ ಆ ಪುಸ್ತಕವನ್ನು ಯಾವ ಬಾಯಿಂದ ಕೊಡಲಿ? ಅಥವಾ ಮುಂಬಯಿ ಪ್ರೆಸ್ಸಿನವರಂತೆ ತಾರೆಯ ಪುಟದಲ್ಲಿ ಹೆಸರಷ್ಟೇ ಬರೆದು ಉಳಿದದ್ದನ್ನು ಖಾಲಿ ಬಿಡಲೇ? ಆಗ ‘ಚಿತ್ರ ಎಲ್ಲಿ ಸರ?’ ಎಂದು ಕೇಳುವ ಹುಡುಗಿಗೆ ‘ನೀನೇ ಬರಿ’ ಎನ್ನುವುದು ಮಾಸ್ತರಿಕೆಯೋ, ತಪ್ಪಿಸಿಕೊಳ್ಳುವುದೋ?

ಇದರಲ್ಲಿ ಯಾವುದಕ್ಕಾದರೂ ನಿಮ್ಮಲ್ಲಿ ಉತ್ತರ ಇದ್ದರೆ ಚಹಾ ಬರುವುದರೊಳಗೆ ಹೇಳ್ರಿ. ಮೊದಲು ಆ ಹಿಂದಿನ ಸಾಲಿನ ತಾಯಿ ಕೈ ಎತ್ತಿದ್ದಾರೆ. ಅವರಿಗೆ ಮೈಕು ಕೊಡ್ರಿ.