ಮೈಕಿನ ಪೆಟ್ಟಿಗೆಯಲ್ಲಿ ಲಾಭ ಎಲ್ಲಿಂದ?

ಗಣೇಶೋತ್ಸವದ ಪೆಂಡಾಲಿನಲ್ಲಿ ಮೈಕ್‌ಸೆಟ್ಟಿನವರು ಸಾಲು ಸಾಲು ಗುಂಡಿಗಳಿರುವ ಪೆಟ್ಟಿಗೆ ಇಟ್ಟುಕೊಂಡಿರುತ್ತಾರಲ್ಲ, ಅದು ಮಿಕ್ಸರ್. ಅದರ ಕೆಲವು ಗುಂಡಿಗಳ ಪಕ್ಕ ‘ಗೇನ್’ ಎಂದು ಬರೆದಿರುತ್ತದೆ. ಗೇನ್ ಅಂದರೆ ಲಾಭ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿರಬೇಕಾದ ಪದಕ್ಕೆ ಇಲ್ಲೇನು ಕೆಲಸ?

ನೋಡಿದರೆ, ಅದು ಅಂಗಡಿಯಲ್ಲೂ ಹುಟ್ಟಿದ್ದಲ್ಲ. ಇಂಗ್ಲಿಷಿಗೆ ಅದನ್ನು ಕೊಟ್ಟದ್ದು ಫ್ರೆಂಚ್. ಹಳೆಯ ಫ್ರೆಂಚಿನಲ್ಲಿ ಆ ಕ್ರಿಯಾಪದಕ್ಕೆ ಗಳಿಸು, ಗೆಲ್ಲು ಎನ್ನುವುದರ ಜೊತೆಗೆ ಹೊಲ ಉಳು ಎಂಬ ಅರ್ಥವೂ ಇತ್ತು. ಫ್ರೆಂಚಿಗೆ ಅದು ಬಂದದ್ದು ಫ್ರಾಂಕರೆಂಬ ಜರ್ಮಾನಿಕ್ ಜನರಿಂದ. ಅವರ ಬಾಯಲ್ಲಿ ಪದ ‘ವ’ದಿಂದ ಶುರುವಾಗುತ್ತಿತ್ತು; ಬೇಟೆಯಾಡು, ಆಹಾರ ಅರಸು ಎಂದು ಅರ್ಥ. ಅಂಥ ‘ವ’ ಫ್ರೆಂಚಿನಲ್ಲಿ ‘ಗ’ ಆಗುವುದು ಮಾಮೂಲು. ಇಂಗ್ಲೆಂಡಿನ ವಿಲಿಯಂ ಫ್ರಾನ್ಸಿನಲ್ಲಿ ಗಿಯೋಮ್ ಆಗಿಬಿಡುತ್ತಾನೆ! ಜರ್ಮನ್ನರು ಇವತ್ತಿಗೂ ದನ ಮೇಯುವ ಬಯಲನ್ನು ‘ವೈಡೆ’ ಎನ್ನುತ್ತಾರೆ. ಅದೂ ಇದೇ ಬಳಗದ್ದು.

ಇನ್ನು ಮೈಕು. ಅದರಿಂದ ಹೊರಡುವ ವಿದ್ಯುತ್ ಸಂಕೇತ ತೀರಾ ಬಡಕಲು, ವೋಲ್ಟಿನ ಸಾವಿರದಲ್ಲೊಂದೆರಡು ಪಾಲು. ಆಂಪ್ಲಿಫೈಯರ್ ಅದನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೋ ಅದೇ ಗೇನ್. ಅಳತೆ ಡೆಸಿಬೆಲ್‌ನಲ್ಲಿ: ವೋಲ್ಟೇಜು 10 ಪಟ್ಟಾದರೆ 20, 1000 ಪಟ್ಟಾದರೆ 60.

ಆದರೆ ಈ ಹೆಚ್ಚುವರಿ ಶಕ್ತಿ ಎಲ್ಲಿಯದು? ಹಾಡುವವರ ಗಂಟಲಿನದ್ದಲ್ಲ, ಗೋಡೆಯ ಪ್ಲಗ್ಗಿನದ್ದು. ಕೆರೆಯ ತೂಬು ಎತ್ತಲು ಒಬ್ಬರ ಕೈ ಸಾಕು, ಹರಿಯುವ ನೀರೆಲ್ಲ ಕೆರೆಯದ್ದೇ. 1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಮಾಡುವುದೂ ಈ ತೂಬಿನ ಕೆಲಸವನ್ನೇ. ಮೈಕಿನ ಸಣ್ಣ ಸಂಕೇತ ಅದನ್ನು ಏರಿಸಿ ಇಳಿಸುತ್ತದೆ, ಪ್ಲಗ್ಗಿನ ವಿದ್ಯುತ್ತು ಅದೇ ತಾಳಕ್ಕೆ ಹರಿಯುತ್ತದೆ. ಗುಂಡಿಯನ್ನು ಅತಿಯಾಗಿ ತಿರುಗಿಸಿದರೆ ಸ್ಪೀಕರಿನ ಸದ್ದನ್ನೇ ಮೈಕು ಮತ್ತೆ ಕೇಳಿಸಿಕೊಂಡು, ಅದು ಮತ್ತೆ ಹಿಗ್ಗಿ, ‘ಕುಂಯ್ಯ್’ ಎಂದು ಕಿವಿ ಕಿತ್ತುಹೋಗುತ್ತದೆ.

ಆಂಟೆನಾಗಳಿಗೂ ಗೇನ್ ಇದೆ. ನನಗೆ ಹೆಚ್ಚು ಇಷ್ಟ ಅದೇ, ಏಕೆಂದರೆ ಅಲ್ಲಿ ಪ್ಲಗ್ಗಿನ ನೆರವೂ ಇಲ್ಲ. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಅಗಲದ ಡಿಶ್ ಇದೆ. ಸುತ್ತಲೂ ಚೆದುರಿ ಹೋಗಬಹುದಾಗಿದ್ದ ರೇಡಿಯೋ ಅಲೆಗಳನ್ನು ಅದು ಒಂದೇ ದಿಕ್ಕಿಗೆ ಕೂಡಿಸಿ ಕಳಿಸುತ್ತದೆ. ಆ ದಿಕ್ಕಿಗೆ ಲಾಭ, ಉಳಿದ ದಿಕ್ಕುಗಳಿಗೆ ಅಷ್ಟೇ ನಷ್ಟ. ಬರುವ ಅಲೆಗಳನ್ನು ಹಿಡಿಯುವಾಗಲೂ ಅದೇ ಲೆಕ್ಕ. ಆದ್ದರಿಂದ ಚಂದ್ರನ ಬಳಿಯ ನೌಕೆಯ ಮಾತು ಕೇಳಬೇಕಾದರೆ ಅಷ್ಟು ದೊಡ್ಡ ಡಿಶ್ ಸರಿಯಾಗಿ ಅತ್ತಲೇ ಮುಖ ಮಾಡಿರಬೇಕು. ಒಂದು ಡಿಗ್ರಿ ಓರೆಯಾದರೂ ಲಾಭದ ಬಹುಪಾಲು ಹೋಯಿತು.