ಹಳೆಯ ಎಣ್ಣೆಗೆ ಹಳೆಯ ವರ್ಷವನ್ನೇ ಬರೆಯೋಣ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಕೊಬ್ಬರಿ ಎಣ್ಣೆ ಮಾಡುವ ನಮ್ಮ ಒಂದು ಗುಂಪಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಹಬ್ಬದ ಸಮಯ, ಬೇಡಿಕೆ ಜಾಸ್ತಿ ಬಂತು. ಉಳಿದಿದ್ದ ಹಳೆಯ ಎಣ್ಣೆಯನ್ನು ಹೊಸದಕ್ಕೆ ಬೆರೆಸಿ ಕೊಟ್ಟರು. ಸ್ವಲ್ಪ ದಿನದಲ್ಲೇ ಕಮಟು ವಾಸನೆ ಬಂತು, ಕಾಯಂ ಗಿರಾಕಿಗಳು ಕೈಬಿಟ್ಟರು. ಬ್ಯಾಂಕಿನ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ದಾರಿ ತೋರಿಸಬೇಕಾಗಿದ್ದ ನಾವೂ ಆಗ "ಸ್ವಲ್ಪ ಬೆರೆಸಿದರೆ ಏನಾಗ್ತದೆ" ಅಂತ ಸುಮ್ಮನಿದ್ದೆವು. ಆ ತಪ್ಪು ನಮಗೆ ಚೆನ್ನಾಗಿ ಮನದಟ್ಟಾದದ್ದು ದೂರದ ಇಟಲಿಯಲ್ಲಿ.

2022ರ ನವೆಂಬರಿನಲ್ಲಿ ಒಂದು ಸಭೆಗಾಗಿ ರೋಮ್‌ಗೆ ಹೋಗಿದ್ದೆವು. ಅಸಿಸಿ ನೋಡಿಕೊಂಡು ಬರುವಾಗ ಸ್ಪೆಲ್ಲೊ ಎಂಬ ಊರಿನ ಹತ್ತಿರ ಆಲಿವ್ ಎಣ್ಣೆ ತೆಗೆಯುವ ಒಂದು ಮನೆಗೆ ಹೋದೆವು. ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಅಷ್ಟೇ ಕೆಲಸದವರು. ಜತೆಗಿದ್ದ ಸಿಸ್ಟರ್ ಅವರ ಮಾತನ್ನು ನಮಗೆ ವಿವರಿಸಿದರು.

ಅಲ್ಲಿ ಅಕ್ಟೋಬರ್, ನವೆಂಬರ್ ಅಂದರೆ ಕೊಯ್ಲು. ಮರದ ಕೆಳಗೆ ಬಲೆ ಹಾಸಿ ಕಾಯಿ ಉದುರಿಸುತ್ತಾರೆ. ರಾಶಿ ಹಾಕಿಟ್ಟರೆ ಕಾಯಿ ಬಿಸಿಯಾಗಿ ಹುಳಿಯುತ್ತದೆ. ಅದಕ್ಕೇ ಅದೇ ದಿನ ತೊಳೆದು ಅರೆಯುತ್ತಾರೆ. ಅರೆದ ಮುದ್ದೆಯನ್ನು ಅರ್ಧ ಗಂಟೆಯಷ್ಟು ನಿಧಾನವಾಗಿ ತಿರುವಿ, ಯಂತ್ರದಲ್ಲಿ ಎಣ್ಣೆ ಬೇರೆ ಮಾಡುತ್ತಾರೆ. ಬಿಸಿ 27 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತಾರೆ. ನಮ್ಮ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಇದೆ ಅಲ್ವಾ? ಅವರಿಗೆ 100 ಕಿಲೋ ಕಾಯಿಗೆ ಸಿಗುವುದು ಸುಮಾರು 15 ಕಿಲೋ ಮಾತ್ರ.

ಅಜ್ಜಿ ಹೊಸ ಎಣ್ಣೆಯನ್ನು ರೊಟ್ಟಿಯ ತುಂಡಿಗೆ ಹಾಕಿ ಕೊಟ್ಟರು. ಗಂಟಲು ಉರಿದು ನಮಗೆ ಕೆಮ್ಮು ಬಂತು. ಅಜ್ಜಿಗೆ ಒಂದೇ ನಗು! ತಾಜಾ ಎಣ್ಣೆ ಸ್ವಲ್ಪ ಕಹಿ, ಸ್ವಲ್ಪ ಖಾರ ಇರುವುದೇ ಲಕ್ಷಣವಂತೆ. ಹಳೆಯದಾದಂತೆ ಅದು ಕಡಿಮೆಯಾಗುತ್ತದೆ.

ಮೂಲೆಯಲ್ಲಿ ಕೆಲವು ಡಬ್ಬಿಗಳಿದ್ದವು. ಹಿಂದಿನ ವರ್ಷದ ಎಣ್ಣೆ. 2022ರಲ್ಲಿ ಇಟಲಿಗೆ ಬರ ಬಂದು ಬೆಳೆ ಕಡಿಮೆ, ಬೇಡಿಕೆ ಮಾತ್ರ ಇತ್ತು. "ಬೆರೆಸಿದರೆ ಯಾರಿಗೆ ತಿಳಿಯುತ್ತದೆ?" ಅಂತ ಕೇಳಿಯೇ ಬಿಟ್ಟೆವು. ಲೆಕ್ಕ ಬರೆಯುವ ಸೊಸೆ ಡಬ್ಬಿಯ ಚೀಟಿ ತೋರಿಸಿದಳು. 2021 ಅಂತ ಬರೆದಿತ್ತು, ಬೆಲೆಯೂ ಕಡಿಮೆ. "ನಮಗೆ ತಿಳಿಯುತ್ತದಲ್ಲ. ಹಳೆಯದು ಹೊಸದನ್ನೂ ಬೇಗ ಕೆಡಿಸುತ್ತದೆ" ಅಂದಳು. ನಮಗೆ ನಮ್ಮ ಗುಂಪು ನೆನಪಾಗಿ ತಲೆ ತಗ್ಗಿಸುವಂತಾಯಿತು.

ಊರಿಗೆ ಬಂದು ಆ ಗುಂಪಿನೊಂದಿಗೆ ಕುಳಿತೆವು. ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆಮೇಲೆ ಎಲ್ಲರೂ ಸೇರಿ ತೀರ್ಮಾನ ಮಾಡಿ ನಿರ್ಣಯ ಪುಸ್ತಕದಲ್ಲಿ ಬರೆದರು. ಕೊಬ್ಬರಿಯ ನೀರಿನಂಶ ಶೇಕಡಾ 6ಕ್ಕೆ ಇಳಿಯುವವರೆಗೆ ಒಣಗಿಸುವುದು. ಬೂಷ್ಟು ಹಿಡಿದ ತುಂಡು ಗಾಣಕ್ಕೆ ಹಾಕದಿರುವುದು. ಪಾತ್ರೆಯಲ್ಲಿ ನೀರಿನ ಪಸೆ ಇರದಂತೆ ನೋಡುವುದು. ಪ್ರತಿ ಬಾಟಲಿಗೆ ಎಣ್ಣೆ ತೆಗೆದ ದಿನಾಂಕ ಬರೆಯುವುದು. ಉಳಿದದ್ದನ್ನು ಹೊಸದಕ್ಕೆ ಸೇರಿಸದೆ, ಕೆಡುವ ಮೊದಲೇ, ಹೇಳಿಯೇ ಕಡಿಮೆ ಬೆಲೆಗೆ ಮಾರುವುದು.

ಬಿಟ್ಟು ಹೋದವರಲ್ಲಿ ಇಬ್ಬರು ಗಿರಾಕಿಗಳು ತಿರುಗಿ ಬಂದಿದ್ದಾರೆ, ಎಲ್ಲರೂ ಬಂದಿಲ್ಲ. ಕಂತು ಈಗ ತಪ್ಪುತ್ತಿಲ್ಲ.

ಉಪ್ಪಿನಕಾಯಿ, ಹಪ್ಪಳ, ಮಸಾಲೆ ಪುಡಿ ಮಾಡುವವರೂ ಇಲ್ಲಿದ್ದೀರಿ. ಮುಂದಿನ ವಾರದ ಸಭೆಯಲ್ಲಿ ನಿಮ್ಮ ಡಬ್ಬಿಗಳನ್ನು ತಂದು ನಡುವೆ ಇಡಿ. ಮೇಲೆ ದಿನಾಂಕ ಇದೆಯೋ ಇಲ್ಲವೋ, ಒಟ್ಟಿಗೆ ನೋಡೋಣ.