ಸೋರುವ ಸಂದಿಗೆ ಯಾವ ಗಾರೆ?
(ಬಳಿಚಕ್ರ ಸೀಮೆಯ ಪರ್ಸಿ ಮಾಳಿಗೆಗಳನ್ನು ಕುರಿತ ಉಪನ್ಯಾಸದ ಪಠ್ಯ)



ಕಲ್ಲುಮಣ್ಣಿನ ದಪ್ಪ ಗೋಡೆ, ಗೋಡೆಯ ಮೇಲೆ ಮರದ ತೊಲೆ ಅಥವಾ ಕಬ್ಬಿಣದ ಗರ್ಡರು, ಅದರ ಮೇಲೆ ಶಹಾಬಾದಿ ಪರ್ಸಿ. ಯಾದಗಿರಿ ತಾಲ್ಲೂಕಿನ ಬಳಿಚಕ್ರ ಸೀಮೆಯಲ್ಲಿ ಇಂತಹ ಹಳೆಯ ಮನೆಗಳು ಎಲ್ಲರಿಗೂ ಪರಿಚಿತ. ಭೀಮಾ ಕೊಳ್ಳದಲ್ಲಿ ಪದರುಪದರಾಗಿ ಸಿಗುವ ಸುಣ್ಣಕಲ್ಲೇ ಈ ಪರ್ಸಿ. ಮಳೆಗಾಲದಲ್ಲಿ ಸಾಮಾನ್ಯವಾಗಿ ಸೋರುವುದು ಕಲ್ಲಲ್ಲ, ಎರಡು ಕಲ್ಲುಗಳ ನಡುವಿನ ಸಂದು. ಬೆರಳಗಲದ ಸಂದಿಗೆ ಏನನ್ನು ತುಂಬಬೇಕೆಂಬ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಗೋಡೆಯ ಆಯುಷ್ಯವೂ ಅದರ ಕೆಳಗೆ ಮಲಗುವವರ ಜೀವವೂ ಆ ಸಂದನ್ನು ಅವಲಂಬಿಸಿವೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳ ಮಹಾಮಳೆಯಲ್ಲಿ ಉತ್ತರ ಕರ್ನಾಟಕದ ಸಾವಿರಾರು ಮಣ್ಣಿನ ಮನೆಗಳು ಕುಸಿದುದನ್ನು ಮರೆಯಲಾಗದು. ನೀರು ಕುಡಿದ ಮಣ್ಣಿನ ಗೋಡೆ ಭಾರ ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಸೋರಿಕೆ ಕಂಡೊಡನೆ ಮಾಳಿಗೆಯ ಮೇಲೆ ಮೂರು ಇಂಚು ಕಾಂಕ್ರೀಟು ಸುರಿಸುವ ರೂಢಿ ಬೆಳೆದಿದೆ. ಅದರ ಭಾರ ಪ್ರತಿ ಚದರ ಮೀಟರಿಗೆ ಸುಮಾರು 180 ಕಿಲೋ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಕೋಣೆಯ ಮೇಲೆ ಎರಡು ಟನ್ನಿಗೂ ಹೆಚ್ಚು ಭಾರ ಹೊಸದಾಗಿ ಬೀಳುತ್ತದೆ. ಹಳೆಯ ತೊಲೆಯೂ ತೇವಗೊಂಡ ಗೋಡೆಯೂ ಅದನ್ನು ಹೊರಬಲ್ಲವೆ ಎಂದು ಕೇಳುವವರು ವಿರಳ. ಸಂದಿನ ರೋಗಕ್ಕೆ ಇಡೀ ಮಾಳಿಗೆಯ ಮೇಲೆ ಹೊರೆ ಹೇರುವುದು ಚಿಕಿತ್ಸೆಯಲ್ಲ.

ಸಂದು ಬಿಡುವುದೇಕೆ?

ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ಇರುಳಿನ ತಂಪಿಗೆ ಕುಗ್ಗುತ್ತದೆ. ಆರು ಅಡಿಯ ಪರ್ಸಿಯೊಂದು 30 ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೆ ಅರ್ಧ ಮಿಲಿಮೀಟರಿಗೂ ಕಡಿಮೆ ಬೆಳೆಯುತ್ತದೆ. ಕಣ್ಣಿಗೆ ಕಾಣದ ಈ ಚಲನೆ ಪ್ರತಿದಿನವೂ ನಡೆಯುವುದರಿಂದ, ಬಗ್ಗಲಾರದ ಗಾರೆ ಕಲ್ಲಿನ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಎಲ್ಲಕ್ಕಿಂತ ಗಟ್ಟಿಯಾದುದೇ ಎಲ್ಲಕ್ಕಿಂತ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಸಲ್ಲದು.

ಯಾವುದರ ಗುಣವೇನು?

ಸಿಮೆಂಟು ಬೇಗ ಗಟ್ಟಿಯಾಗುತ್ತದೆ, ಆದರೆ ಬಾಗುವುದಿಲ್ಲ. ಕೂದಲೆಳೆಯಷ್ಟು ಬಿರುಕೇ ನೀರಿಗೆ ಸಾಕು. ಸುಣ್ಣದ ಗಾರೆ ನಿಧಾನವಾಗಿ ಗಟ್ಟಿಯಾದರೂ ಸಣ್ಣ ಚಲನೆಯನ್ನು ತಾಳಿಕೊಳ್ಳುತ್ತದೆ. ಕೂದಲೆಳೆಯ ಬಿರುಕಿನೊಳಗೆ ಇಳಿದ ನೀರಿನಲ್ಲಿ ಸುಣ್ಣ ಕರಗಿ ಮತ್ತೆ ಅಲ್ಲಿಯೇ ಗಟ್ಟಿಯಾಗುವುದರಿಂದ ಅದು ತನ್ನ ಗಾಯವನ್ನು ಸ್ವಲ್ಪಮಟ್ಟಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಇಟ್ಟಿಗೆ ಪುಡಿ, ಅಂದರೆ ಸುರ್ಕಿ, ಸೇರಿಸಿದರೆ ತೇವದಲ್ಲಿಯೂ ಬಲಗೊಳ್ಳುತ್ತದೆ.

ಡಾಂಬರು ಅಗ್ಗ, ಆದರೆ ಈ ಭಾಗದ ಬೇಸಿಗೆಗೆ ಮೆತ್ತಗಾಗುತ್ತದೆ, ಕೆಲವು ವರ್ಷಗಳಲ್ಲಿ ಒಣಗಿ ಬಿರಿಯುತ್ತದೆ. ಕಲ್ಲಿದ್ದಲಿನ ಟಾರಿನಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳಿವೆ. ಮಾಳಿಗೆಯ ಮಳೆನೀರನ್ನು ಕುಡಿಯಲು ಹಿಡಿಯುವ ಮನೆಗಳಲ್ಲಿ ಅದನ್ನು ಬಳಸಲೇಬಾರದು.

ಅಂಗಡಿಯ ಸಿಲಿಕೋನ್ ಚೆನ್ನಾಗಿ ಹಿಗ್ಗುತ್ತದೆ. ಆದರೆ ಹುಳಿ ವಾಸನೆಯ ಬಗೆಯಲ್ಲಿ ಹೊರಬರುವ ಆಮ್ಲ ಸುಣ್ಣಕಲ್ಲನ್ನು ತಿನ್ನುವುದರಿಂದ ಅಂಟು ಬಿಡುತ್ತದೆ. ಮೇಲಾಗಿ, ಸಿಲಿಕೋನ್ ಹಚ್ಚಿದ ಜಾಗಕ್ಕೆ ಮುಂದೆ ಗಾರೆಯೂ ಹಿಡಿಯದು, ಬಣ್ಣವೂ ಹಿಡಿಯದು. ಗರ್ಡರಿನ ಮೇಲೆ ಹೆಚ್ಚು ಅಲುಗಾಡುವ ಸಂದುಗಳಿಗೆ ಪಾಲಿಯುರೆಥೇನ್ ಅಂಟು ತಕ್ಕುದು. ಒಣಗುವ ಮುನ್ನ ಅದು ಚರ್ಮಕ್ಕೆ ಹಾನಿಕರವಾದ್ದರಿಂದ ಕೈಗವಸು ಅಗತ್ಯ.

ತಗಡಿನ ಮಾತು ಬೇರೆ. ವಾಹನದ ಹಿಂದೆ ಎಳೆದೊಯ್ಯುವ ಹಳೆಯ ಸಂಚಾರಿ ಮನೆಗಳಲ್ಲಿ, ಅಂದರೆ ಕ್ಯಾರವಾನುಗಳಲ್ಲಿ, ಅಲ್ಯೂಮಿನಿಯಂ ತಗಡಿನ ಸಂದು ಸೋರಿ ಒಳಗಿನ ಮರದ ಚೌಕಟ್ಟು ಯಾರಿಗೂ ಕಾಣದಂತೆ ಕೊಳೆಯುತ್ತದೆ. ಮೇಲಿನಿಂದ ಅಂಟು ಬಳಿದರೆ ಅಲ್ಲಿ ಪ್ರಯೋಜನವಿಲ್ಲ. ಪಟ್ಟಿಯನ್ನು ಬಿಚ್ಚಿ, ಹಳೆಯದನ್ನು ಕೆರೆದು, ಸದಾ ಮೆತ್ತಗಿರುವ ಬ್ಯೂಟೈಲ್ ಪಟ್ಟಿಯನ್ನು ನಡುವೆ ಇಟ್ಟು ಮತ್ತೆ ಬಿಗಿಯುತ್ತಾರೆ. ಊರಿನ ಪತ್ರಾಸ್ ಶೆಡ್ಡುಗಳಿಗೂ ಈ ಕ್ರಮವೇ ಸರಿ.

ಕೆಲಸದ ಕ್ರಮ

ಮೊದಲು ಸೋರುವ ಸ್ಥಳವನ್ನು ಗುರುತಿಸಬೇಕು. ಒಂದೆಡೆ ಇಳಿದ ನೀರು ತೊಲೆಯಗುಂಟ ಹರಿದು ಮತ್ತೊಂದೆಡೆ ತೊಟ್ಟಿಕ್ಕುವುದುಂಟು. ಆದ್ದರಿಂದ ಇಳಿಜಾರಿನ ಕೆಳಗಿನಿಂದ ಆರಂಭಿಸಿ ಒಂದೊಂದೇ ಸಂದಿಗೆ ನೀರು ಹೊಯ್ದು ನೋಡಬೇಕು. ಸಡಿಲವಾದ ಹಳೆಯ ಗಾರೆಯನ್ನು ಒಂದು ಇಂಚು ಆಳದವರೆಗೆ ತೆಗೆದು ಧೂಳನ್ನು ಗುಡಿಸಬೇಕು. ಸುಣ್ಣದ ಗಾರೆಯಾದರೆ ಸಂದನ್ನು ನೀರಿನಿಂದ ನೆನೆಸಿ, ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಸುರ್ಕಿ ಮತ್ತು ಮರಳು ಸೇರಿ ಎರಡರಿಂದ ಮೂರು ಪಾಲು ಕಲಸಿ ಒತ್ತಿ ತುಂಬಬೇಕು. ಬಳಿಕ ಕನಿಷ್ಠ ಒಂದು ವಾರ ಒದ್ದೆ ಗೋಣಿಯನ್ನು ಹೊದಿಸಿರಬೇಕು. ಸುಣ್ಣ ಅರಳುವಾಗ ಕುದಿದು ಸಿಡಿಯುತ್ತದೆ. ಮಕ್ಕಳನ್ನು ದೂರವಿಡಬೇಕು, ಕಣ್ಣನ್ನು ಕಾಪಾಡಿಕೊಳ್ಳಬೇಕು. ಪಾಲಿಯುರೆಥೇನ್ ಆದರೆ ಇದಕ್ಕೆ ವಿರುದ್ಧವಾಗಿ ಸಂದು ಪೂರ್ತಿ ಒಣಗಿರಬೇಕು. ಮಳೆ ನಿಂತ ಮೇಲೆ, ಬಿಸಿಲು ಏರುವ ಮುನ್ನ ಬರುವ ತಿಂಗಳುಗಳು ಎರಡಕ್ಕೂ ಯೋಗ್ಯ. ನೀರು ನಿಲ್ಲದಂತೆ ಇಳಿಜಾರೂ ಹೊರಹೋಗಲು ದಾರಿಯೂ ಇಲ್ಲದಿದ್ದರೆ ಯಾವ ಅಂಟೂ ಮಾಳಿಗೆಯನ್ನು ಕಾಯದು.

ಮಿತ್ರರೆ, ವಾಡಿ, ಸೇಡಂ ಸುತ್ತಲಿನ ಕಾರ್ಖಾನೆಗಳಲ್ಲಿ ಸಿಮೆಂಟಾಗಿ ಸುಡುವುದು ಇದೇ ಭೀಮಾ ಕೊಳ್ಳದ ಸುಣ್ಣಕಲ್ಲನ್ನೇ. ಸುಡುವಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸುಣ್ಣ ಸುಟ್ಟರೂ ಅದು ಹೊರಬೀಳುತ್ತದೆ, ಆದರೆ ಗಾರೆ ಗಟ್ಟಿಯಾಗುವಾಗ ಅದರ ಬಹುಪಾಲನ್ನು ಮರಳಿ ಹೀರಿಕೊಳ್ಳುತ್ತದೆ. ಗಟ್ಟಿಮುಟ್ಟಾದ ಮನೆಯೊಂದನ್ನು ಸಂದಿನ ದೋಷಕ್ಕಾಗಿ ಕೆಡವಿದಾಗ ಹೊಸ ಕಲ್ಲು, ಹೊಸ ಮರಳು, ಹೊಸ ಸಿಮೆಂಟು ಬೇಕಾಗುತ್ತವೆ. ಅವುಗಳ ಬೆಲೆಯನ್ನು ಗುಡ್ಡವೂ ಹಳ್ಳವೂ ತೆರುತ್ತವೆ. ಸುಣ್ಣದ ಕೆಲಸ ಬಲ್ಲ ಹಿರಿಯ ಗೌಂಡಿಗಳು ಇನ್ನೂ ಇರುವ ಊರುಗಳಲ್ಲಿ ವಿದ್ಯಾರ್ಥಿಗಳು ಅವರೊಡನೆ ಮಾಳಿಗೆ ಹತ್ತಲಿ, ಸಂದುಗಳನ್ನು ಎಣಿಸಲಿ, ಗಾರೆ ಕಲಸುವುದನ್ನು ಕಲಿಯಲಿ. ಬರುವ ಮಳೆಗಾಲಕ್ಕೆ ಮುನ್ನ ಪ್ರತಿ ಓಣಿಯಲ್ಲಿ ಒಂದಾದರೂ ಮಾಳಿಗೆ ಹೀಗೆ ದುರಸ್ತಿಯಾಗಲಿ.